ಹದಿನಾಲ್ಕು ಕೋಲುಗಳೊಂದಿಗೆ ಸೇಂಟ್ ಆಂಡ್ರ್ಯೂಸ್‌ಗೆ

ವಿಮಾನ ನಿಲ್ದಾಣಗಳಲ್ಲಿ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ನಾವೆಲ್ಲ ಕಂಡಿದ್ದೇವೆ. ಅವುಗಳ ನಡುವೆ ಕೆಲವೊಮ್ಮೆ ಚಕ್ರವಿರುವ ಉದ್ದನೆಯ ಚೀಲವೊಂದು ಕಣ್ಣಿಗೆ ಬೀಳುತ್ತದೆ. ಅದರೊಳಗಿರುವುದು ಗಾಲ್ಫ್ ಆಟದ ಕೋಲುಗಳು. ನಿಯಮದಂತೆ ಒಂದು ಸುತ್ತಿನ ಆಟಕ್ಕೆ ಹೆಚ್ಚೆಂದರೆ 14 ಕೋಲು. ಇದು ಹಣವಂತರ ಶೋಕಿ ಎಂದು ಅನಿಸುವುದು ಸಹಜ. ಆದರೆ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ ಆಕೆಯ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ.

ಈ ಆಟ ಕಲಿತ ಅನೇಕರಿಗೆ ಒಮ್ಮೆಯಾದರೂ ನೋಡಬೇಕೆನಿಸುವ ಊರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಸಮುದ್ರ ತೀರದ ಈ ಪುಟ್ಟ ಊರಿನ ಓಲ್ಡ್ ಕೋರ್ಸ್ ಮೈದಾನದಲ್ಲಿ 1764ರಲ್ಲಿ ಕುಳಿಗಳ ಸಂಖ್ಯೆಯನ್ನು 18ಕ್ಕೆ ಇಳಿಸಲಾಯಿತು. ಮುಂದೆ ಜಗತ್ತೆಲ್ಲ ಅದನ್ನೇ ಅನುಸರಿಸಿತು.

ಆದರೆ ಅಲ್ಲಿಗೆ ಕೋಲುಗಳನ್ನು ತಲುಪಿಸುವುದು ಸುಲಭವಲ್ಲ. ಭದ್ರತೆಯ ಕಾರಣದಿಂದ ಅವನ್ನು ವಿಮಾನದಲ್ಲಿ ನಮ್ಮ ಬಳಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಲಗೇಜಿಗೆ ಒಪ್ಪಿಸಲೇಬೇಕು. ಬೆಂಗಳೂರಿನಿಂದ ಹೊರಟ ಚೀಲ ನಡುವೆ ವಿಮಾನ ಬದಲಿಸಿ ಎಡಿನ್‌ಬರೋ ತಲುಪುವಷ್ಟರಲ್ಲಿ ಎಷ್ಟೋ ಕೈಗಳನ್ನು ದಾಟಿರುತ್ತದೆ. ಚೀಲ ತಲೆಕೆಳಗಾಗಿ ಬಿದ್ದರೆ ಪೆಟ್ಟು ತಗಲುವುದು ಕೋಲಿನ ಕುತ್ತಿಗೆಗೆ, ಅಂದರೆ ತಲೆಭಾಗವು ಹಿಡಿಕೆಯ ದಂಡಕ್ಕೆ ಸೇರುವ ಜಾಗಕ್ಕೆ.

ಹಾಗಾಗಿ ಚೀಲದ ಆಯ್ಕೆಯಲ್ಲಿ ಅಂದಕ್ಕಿಂತ ಈ ಕುತ್ತಿಗೆಯ ರಕ್ಷಣೆ ಮುಖ್ಯ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಹೆಚ್ಚು ಭದ್ರ. ಆದರೆ ಅದರದ್ದೇ ತೂಕ ಹೆಚ್ಚು, ಮಡಚಲು ಬರುವುದಿಲ್ಲ, ಸಣ್ಣ ಕಾರಿನಲ್ಲಿ ಹಿಡಿಸುವುದೂ ಇಲ್ಲ. ದಪ್ಪ ಬಟ್ಟೆಯ ಚೀಲ ಹಗುರ. ಖಾಲಿಯಾದ ಮೇಲೆ ಮಡಚಿ ಮಂಚದ ಕೆಳಗೆ ತಳ್ಳಬಹುದು. ಅದರ ಮೇಲ್ಭಾಗದಲ್ಲಿ ಮಾತ್ರ ಒಳ್ಳೆಯ ಮೆತ್ತೆ ಇರಬೇಕು. ಅತಿ ಉದ್ದದ ಕೋಲಿಗಿಂತ ಒಂದೆರಡು ಇಂಚು ಎತ್ತರದ ಊರುಗೋಲಿನಂಥ ಗಟ್ಟಿ ಸರಳೊಂದನ್ನು ಒಳಗಿಟ್ಟರೆ ಬಿದ್ದಾಗಿನ ಪೆಟ್ಟನ್ನು ಮೊದಲು ಅದೇ ತಾಳಿಕೊಳ್ಳುತ್ತದೆ. ತಲೆಭಾಗಗಳ ಸುತ್ತ ಟವೆಲು, ಸ್ವೆಟರುಗಳನ್ನು ಸುತ್ತಿದರೆ ಎರಡು ಕೆಲಸ ಒಟ್ಟಿಗೇ ಆದಂತೆ. ಆದರೆ ತೂಕ ಮರೆಯಬಾರದು. ಹಲವು ವಿಮಾನ ಸಂಸ್ಥೆಗಳಲ್ಲಿ ಒಂದು ಚೀಲಕ್ಕೆ 23 ಕಿಲೋ ಮಿತಿ. ಕೆಲವು ಸಂಸ್ಥೆಗಳು ಕ್ರೀಡಾ ಸಾಮಗ್ರಿಗೆ ಬೇರೆ ಶುಲ್ಕ ಕೇಳುತ್ತವೆ. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಚಕ್ರಗಳೂ ಗಟ್ಟಿಯಾಗಿರಬೇಕು. ಏಕೆಂದರೆ ಸೇಂಟ್ ಆಂಡ್ರ್ಯೂಸ್‌ಗೆ ರೈಲಿಲ್ಲ. ಎಡಿನ್‌ಬರೋದಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಸಾಗಿ ಲೂಕರ್ಸ್ ಎಂಬಲ್ಲಿ ಇಳಿದು, ಅಲ್ಲಿಂದ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು.

ಇನ್ನೊಂದು ವಿಷಯ ಗಾಲ್ಫ್ ಆಡದವರಿಗೂ ಉಪಯುಕ್ತ. ಅಂತಾರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಸಂಬಂಧಿಸಿದ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು. ಅದರಂತೆ ಲಗೇಜು ಹಾಳಾಗಿದ್ದರೆ ಕೈಗೆ ಬಂದ ಏಳು ದಿನಗಳೊಳಗೆ, ತಡವಾಗಿ ಬಂದಿದ್ದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕು. ನಿಲ್ದಾಣದಿಂದ ಹೊರಬರುವ ಮೊದಲೇ ಚೀಲ ತೆರೆದು ನೋಡಿ, ದೂರು ದಾಖಲಿಸಿ, ಅದರ ಪ್ರತಿ ಪಡೆಯುವುದು ಕ್ಷೇಮ. ಮನೆಯಿಂದ ಹೊರಡುವಾಗ ತೆಗೆದ ಫೋಟೋವೊಂದು ಆಗ ನೆರವಿಗೆ ಬರುತ್ತದೆ.

ಇಷ್ಟೆಲ್ಲ ಜೋಪಾನವಾಗಿ ಕೋಲುಗಳನ್ನು ಹೊತ್ತು ಹೋದವರಿಗೆ ಆ ಊರು ಬೇರೆಯೇ ಪಾಠವೊಂದನ್ನು ಕಾದಿರಿಸಿದೆ. ಅಲ್ಲಿನ ಮೈದಾನ ಯಾವುದೇ ಕ್ಲಬ್ಬಿನ ಸ್ವತ್ತಲ್ಲ, ಸಾರ್ವಜನಿಕ ಆಸ್ತಿ. ದೊಡ್ಡ ಪಂದ್ಯಗಳ ದಿನಗಳನ್ನು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟವಿಲ್ಲ. ಅಂದು ಊರ ಜನ ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ. ಪಕ್ಕದಲ್ಲೇ ‘ಹಿಮಾಲಯ’ ಎಂಬ ಹೆಸರಿನ ಏರುತಗ್ಗುಗಳ ಸಣ್ಣ ಮೈದಾನವಿದೆ. ಹೆಗಲಿಗಿಂತ ಮೇಲೆ ಕೋಲೆತ್ತುವುದು ಹೆಂಗಸರಿಗೆ ಶೋಭೆಯಲ್ಲ ಎಂದು ಭಾವಿಸುತ್ತಿದ್ದ ಕಾಲದಲ್ಲಿ, 1867ರಲ್ಲಿ, ಅಲ್ಲಿನ ಮಹಿಳೆಯರಿಗಾಗಿ ಒಂದು ಸಂಘ ಆರಂಭವಾಯಿತು. ಇಂದಿಗೂ ಆ ಮೈದಾನವನ್ನು ನಡೆಸುತ್ತಿರುವುದು ಆ ಸಂಘವೇ. ಅದೇ ಊರಿನ ಪ್ರತಿಷ್ಠಿತ ಪುರುಷರ ಕ್ಲಬ್ ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ! ಹಿಮಾಲಯದಲ್ಲಿ ಕೆಲವು ಪೌಂಡ್ ತೆತ್ತರೆ ಕೋಲೂ ಚೆಂಡೂ ಅಲ್ಲೇ ಸಿಗುತ್ತವೆ. ಅಜ್ಜಿ ಮೊಮ್ಮಕ್ಕಳು ಒಟ್ಟಿಗೇ ಆಡಬಹುದು.

ದೊಡ್ಡ ಮೈದಾನದ ಆಟಕ್ಕೂ ಅಲ್ಲಿ ಕೋಲುಗಳು ಬಾಡಿಗೆಗೆ ದೊರೆಯುತ್ತವೆ. ಹತ್ತು ದಿನಗಳ ಪ್ರವಾಸದಲ್ಲಿ ಆಡುವುದು ಎರಡೇ ದಿನವೆಂದಾದರೆ ವಿಮಾನ ಶುಲ್ಕಕ್ಕೆ ಬಾಡಿಗೆಯನ್ನು ಹೋಲಿಸಿ ನೋಡಬೇಕು. ಯಾವ ಚೀಲ ಕೊಳ್ಳಬೇಕು ಎಂಬ ಪ್ರಶ್ನೆಗೆ ಮೊದಲು, ಚೀಲವೇ ಬೇಕೇ ಎಂದು ಕೇಳಿಕೊಳ್ಳುವುದು ಜಾಣತನ. ಹೊರೆ ಕಡಿಮೆಯಾದಷ್ಟೂ ಜೊತೆಗೆ ಬಂದವರ ಕೈ ಹಿಡಿದು ನಡೆಯಲು ನಮ್ಮ ಕೈ ಬಿಡುವಾಗಿರುತ್ತದೆ.