ಸುರಂಗದ ಚಿತ್ರಫಲಕ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಸಂದರ್ಭದಲ್ಲಿ ನನ್ನ ನೆನಪಿಗೆ ಬರುವುದು ಮೂರು ಮಡಿಕೆಯ ಒಂದು ರಟ್ಟಿನ ಫಲಕ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು 1984ರಲ್ಲಿ. ಅದರ ಎರಡು ವರ್ಷಗಳ ತರುವಾಯ, ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ವಿಜ್ಞಾನ ಮೇಳಕ್ಕಾಗಿ ನಾವು ಮೂವರು ಆರಿಸಿಕೊಂಡ ವಿಷಯ ನಮ್ಮ ಗುಡ್ಡಗಳ ಸುರಂಗ.

ಸುರಂಗವೆಂದರೇನೆಂದು ಈ ಸಂಚಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಳೆಯ ನೀರು ಮುರಕಲ್ಲಿನ ರಂಧ್ರಗಳಲ್ಲಿ ಇಳಿದು ಕೆಳಗಿನ ಜೇಡಿಪದರದ ಮೇಲೆ ತಡೆದು ನಿಲ್ಲುತ್ತದೆ. ಗುಡ್ಡವನ್ನು ಅಡ್ಡಲಾಗಿ ಕೊರೆದರೆ ಆ ಒರತೆಯು ಪಂಪಿನ ಹಂಗಿಲ್ಲದೆ ಹೊರಬರುತ್ತದೆ. ಇಷ್ಟನ್ನು ಹೇಳಲು ನಾನು ಎರಡು ಹಾಳೆ ತುಂಬ ಬರೆದಿದ್ದೆ.

ಹಳೆಯ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಬಿಳಿಯ ಕಾಗದ ಅಂಟಿಸಿದೆವು. ಮೈದಾ ಅಂಟಿಗೆ ಹುಳ ಹಿಡಿಯದಂತೆ, ಅಡಿಕೆ ತೋಟಕ್ಕೆ ತಂದಿದ್ದ ಮೈಲುತುತ್ತನ್ನು ಚಿಟಿಕೆಯಷ್ಟು ಬೆರೆಸಿದೆವು. ಎಡಕ್ಕೆ ಉದ್ದೇಶ ಮತ್ತು ವಿಧಾನ, ನಡುವೆ ಗುಡ್ಡದ ಸೀಳುನೋಟ, ಬಲಕ್ಕೆ ಫಲಿತಾಂಶ: 15 ಲೀಟರಿನ ಕೊಡಪಾನ ತುಂಬಲು 4 ನಿಮಿಷ, ಎಂದರೆ ದಿನಕ್ಕೆ 5400 ಲೀಟರ್. ವಿಜ್ಞಾನದ ಅಧ್ಯಾಪಕರು ಹತ್ತು ಹೆಜ್ಜೆ ಹಿಂದೆ ಸರಿದು ನಿಂತು, “ಇಲ್ಲಿಂದ ಓದಲಾಗದ್ದು ಅಲ್ಲಿರಬೇಕಾಗಿಲ್ಲ” ಎಂದರು. ನನ್ನ ಎರಡು ಹಾಳೆಗಳು ಒಂಬತ್ತು ಸಾಲುಗಳಾದವು.

ಮೇಳದ ಹಿಂದಿನ ಸಂಜೆ ಫಲಕವನ್ನು ಮನೆಯ ಜಗಲಿಯಲ್ಲಿ ಒರಗಿಸಿಟ್ಟಿದ್ದೆ. ನಮ್ಮ ಸುರಂಗವನ್ನು ತೋಡಿದ್ದ ವೃದ್ಧರು ಅಂದು ಬಂದಿದ್ದರು. ಅವರಿಗೆ ಅಕ್ಷರ ಬಾರದು. ಚಿತ್ರವನ್ನು ತುಸು ಹೊತ್ತು ದಿಟ್ಟಿಸಿ, ಈ ನೀರು ಹೊರಗೆ ಬರುವುದು ಹೇಗೆಂದು ತುಳುವಿನಲ್ಲಿ ಕೇಳಿದರು. ನಾನು ಸುರಂಗದ ನೆಲವನ್ನು ಒಳಮುಖವಾಗಿ ಇಳಿಜಾರು ಮಾಡಿದ್ದೆ! ಒಳಗೆ ಹೋದಂತೆ ನೆಲ ಕೊಂಚ ಏರಬೇಕು. ಮೇಣದ ಬತ್ತಿ ಮಂಕಾದರೆ ಗಾಳಿ ಸಾಲದೆಂದು ತಿಳಿದು ಹಿಂದಿರುಗಬೇಕು. ಇವನ್ನೆಲ್ಲ ಅವರೇ ವಿವರಿಸಿದರು. ಆ ರಾತ್ರಿ ಕ್ಯಾಲೆಂಡರಿನ ಬೆನ್ನಮೇಲೆ ಹೊಸ ಚಿತ್ರ ಬರೆದು ಹಳೆಯದರ ಮೇಲೆ ಅಂಟಿಸಿದೆ.

ತೀರ್ಪುಗಾರರಲ್ಲೊಬ್ಬರಿಗೆ ಕನ್ನಡ ತಿಳಿಯದು. ನಾನು ಅರೆಬರೆ ಮಲಯಾಳದಲ್ಲಿ ತೊದಲುತ್ತಿದ್ದಂತೆ ಅವರ ಬೆರಳು ನೀಲಿ ಬಾಣಗಳನ್ನು ಅನುಸರಿಸುತ್ತ ಸುರಂಗದ ಬಾಯಿಗೆ ಬಂದು ನಿಂತಿತು, ಅವರು ತಲೆದೂಗಿದರು. ನಮಗೆ ಮೂರನೆಯ ಸ್ಥಾನ ದೊರೆಯಿತು.

ಫಲಕದ ಅಡಿಯಲ್ಲಿ ಬರೆದ ಕೃತಜ್ಞತೆಯಲ್ಲಿ ಮುಖ್ಯೋಪಾಧ್ಯಾಯರು, ಅಧ್ಯಾಪಕರು, ಪೋಷಕರು ಎಲ್ಲರೂ ಇದ್ದರು; ಆ ವೃದ್ಧರ ಹೆಸರು ಮಾತ್ರ ಇರಲಿಲ್ಲ. ಅವಸರದಲ್ಲಿ ಮರೆತೆನೆಂದು ಬಹುಕಾಲ ಸಮಾಧಾನ ತಂದುಕೊಂಡೆ. ನಿಜ ಹಾಗಲ್ಲ. ಅಕ್ಷರ ಬಾರದವರ ಹೆಸರೂ ವಿಜ್ಞಾನದ ಫಲಕದಲ್ಲಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಅವರು ಇಂದಿಲ್ಲ. ಈ ವಿದ್ಯಾದೇಗುಲದಿಂದ ಮೇಳಗಳಿಗೆ ಹೋಗುವ ಮಕ್ಕಳಲ್ಲಿ ನನ್ನದೊಂದೇ ವಿನಂತಿ: ಫಲಕದ ಕೆಳಗೆ ಒಂದು ಸಾಲಿನ ಜಾಗ ಉಳಿಸಿಡಿರಿ. ನಿಮಗೆ ಬಾಯಿಮಾತಿನಲ್ಲಿ ತಿಳಿಸಿಕೊಟ್ಟವರ ಹೆಸರನ್ನು ಅಲ್ಲಿ, ಹತ್ತು ಹೆಜ್ಜೆ ದೂರಕ್ಕೂ ಕಾಣುವಂತೆ, ಕನ್ನಡದಲ್ಲಿ ಬರೆಯಿರಿ.