ನಿತ್ಯದ ಅತಿಥಿಗಳು

ಅತಿಥಿಯೆಂದರೆ ತಿಥಿ ನೋಡದೆ ಬರುವವನು. ಉಂಡು, ಹರಸಿ, ಹೋಗುವವನು. ನಮ್ಮ ಸರಕಾರಿ ಕಾಲೇಜುಗಳ ಅತಿಥಿಗಳ ರೀತಿಯೇ ಬೇರೆ. ಇವರು ವೇಳಾಪಟ್ಟಿ ನೋಡಿ, ಗಂಟೆ ಬಾರಿಸುವ ಮೊದಲೇ ಬರುತ್ತಾರೆ. ಇಲ್ಲಿ ಬಡಿಸುವವರು ಅವರು, ಉಣ್ಣುವವರು ನಾವು.

ಯಾದಗಿರಿ, ಶಹಾಪುರ, ಸುರಪುರಗಳ ಸರಕಾರಿ ಪದವಿ ಕಾಲೇಜುಗಳಲ್ಲಿ ಓದಿದವರಿಗೆ ಅತಿಥಿ ಉಪನ್ಯಾಸಕರ ಪರಿಚಯ ಮಾಡಿಕೊಡಬೇಕಾಗಿಲ್ಲ. 2023ರಲ್ಲಿ ರಾಜ್ಯದಲ್ಲಿ ಇವರ ಸಂಖ್ಯೆ 10,000ಕ್ಕೂ ಮೇಲಿತ್ತು. ಗುತ್ತಿಗೆಯ ಅಧ್ಯಾಪಕರು ಒಟ್ಟು ಹುದ್ದೆಗಳಲ್ಲಿ ಶೇಕಡಾ 10ನ್ನು ಮೀರಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಹೇಳಿತ್ತು. ನಮ್ಮ ವೇಳಾಪಟ್ಟಿಯನ್ನು ನೋಡಿದರೆ ಆ ನಿಯಮ ಬೇರಾವುದೋ ದೇಶದ್ದೆಂದು ತೋರುತ್ತದೆ.

ಇವರಿಗೆ ಸಿಗುವುದು ಪಗಾರವಲ್ಲ, ಗೌರವಧನ. ಗೌರವ ಎಷ್ಟೆಂಬುದನ್ನು ಹೇಳಲಾರೆ, ಧನ ಎಷ್ಟೆಂಬುದನ್ನು ಹೇಳಬಲ್ಲೆ. 2022ರ ಜನವರಿಯವರೆಗೆ ತಿಂಗಳಿಗೆ 11,000 ಇಲ್ಲವೆ 13,000 ರೂಪಾಯಿ. ಮುಷ್ಕರದ ಬಳಿಕ ಅದು 26,000ದಿಂದ 32,000ದವರೆಗೆ ಏರಿತು. ಜೊತೆಗೆ ವಾರದ ಪಾಠ 15 ಗಂಟೆಗೆ ಏರಿತು. ಒಬ್ಬರ ಗಂಟೆಗಳು ಹೆಚ್ಚಿದಾಗ ಬೇಕಾಗುವ ಜನ ಕಡಿಮೆಯಾದರು. ಎಲೆಯ ಮೇಲೆ ಅನ್ನ ಹೆಚ್ಚಿತು, ಪಂಕ್ತಿಯಲ್ಲಿ ಎಲೆಗಳು ಕಡಿಮೆಯಾದವು. 2023ರ ಕೊನೆಯಲ್ಲಿ, ನಾವು ಮೊದಲ ವರ್ಷದಲ್ಲಿದ್ದಾಗ, ಕಾಯಂ ಮಾಡಿರೆಂದು ಮತ್ತೆ ಮುಷ್ಕರವಾಯಿತು. ಸೇವೆಯ ವರ್ಷಗಳಿಗನುಸಾರ 5ರಿಂದ 8 ಸಾವಿರ ಹೆಚ್ಚು ದೊರೆಯಿತು, ಕಾಯಮಾತಿ ದೊರೆಯಲಿಲ್ಲ. ಕಾಯಂ ಉಪನ್ಯಾಸಕರೊಬ್ಬರು ವರ್ಗವಾಗಿ ಬಂದರೆ ಅತಿಥಿ ಎದ್ದು ಜಾಗ ಬಿಡಬೇಕು.

ನಮಗೆ ಇತಿಹಾಸ ಹೇಳುವ ಗುರುಗಳು ಹದಿನಾಲ್ಕು ವರ್ಷಗಳಿಂದ ಅತಿಥಿಗಳು. ದಿನವೂ ಬಸ್ಸಿನಲ್ಲಿ ಬರುತ್ತಾರೆ. ನಮ್ಮ ಉತ್ತರಪತ್ರಿಕೆಗಳನ್ನು ಮನೆಗೊಯ್ದು, ಪ್ರತಿ ಪುಟದ ಅಂಚಿನಲ್ಲೂ ಏನಾದರೊಂದು ಬರೆದು ತರುತ್ತಾರೆ. ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಕಥೆಯನ್ನು ಅವರು ಹೇಳಿದ ದಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಬಸ್ಸಿನ ಕಿಟಕಿಯಿಂದ ದಿನವೂ ಕಾಣುತ್ತಿದ್ದ ಗುಡ್ಡಗಳಿಗೆ ಇತಿಹಾಸವಿದೆಯೆಂದು ನಾನು ತಿಳಿದದ್ದು ಅಂದೇ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಎಂ.ಎ. ಮಾಡಿ ಉಪನ್ಯಾಸಕಿಯಾಗುವೆನೆಂದು ಅಪ್ಪನಿಗೆ ಹೇಳಿದಾಗ ಈ ಗುರುಗಳ ಮಾತೂ ಬಂತು. ಸುಗ್ಗಿಯಲ್ಲಿ ಕಂಡವರ ಹೊಲದ ಹತ್ತಿ ಬಿಡಿಸುವ ಅಪ್ಪ ಕೇಳಿದ: "ಯವ್ವಾ, ಹದಿನಾಕು ವರ್ಷ ಕಲಿಸಿದ್ರೂ ಕಾಯಂ ಆಗಿಲ್ಲೇನು? ಹತ್ತಿ ಬಿಡಸಾಕ ನಮ್ಮನ್ನ ಕರದಂಗ ಅವರನ್ನೂ ಕರೀತಾರೇನು?" ಅಪ್ಪನಿಗೆ ಓದು ಬಾರದು, ಆದರೆ ಕೂಲಿಯ ಮರ್ಮ ಬಲ್ಲ. ಹೌದೆನ್ನದೆ ಬೇರೆ ದಾರಿಯಿರಲಿಲ್ಲ. "ಮತ್ತ ಯಾಕ ಅಷ್ಟು ಓದ್ತಿ?" ಎಂದ. ಹೊಲದ ಕೂಲಿಯಿಂದ ಮಗಳನ್ನು ಬಿಡಿಸಲೆಂದೇ ಓದಿಸಿದವನ ಪ್ರಶ್ನೆ ಅದು. ಬಾಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪಾ, ನನ್ನನ್ನು ಇಲ್ಲಿಯವರೆಗೆ ತಂದವರಲ್ಲಿ ಅರ್ಧ ಜನ ಇಂಥ ಅತಿಥಿಗಳೇ. ಅವರೂ ಈ ಪ್ರಶ್ನೆಗೆ ಅಂಜಿ ಮನೆಯಲ್ಲಿ ಕುಳಿತಿದ್ದರೆ ನಾನು ಇಂದು ಹತ್ತಿಯ ಹೊಲದಲ್ಲಿರುತ್ತಿದ್ದೆ.

ಸಹಪಾಠಿಗಳೇ, "ಗೆಸ್ಟ್ ಸರ್ ಬಂದರು" ಎನ್ನುವ ರೂಢಿ ನಮ್ಮಲ್ಲುಂಟು. ಹುದ್ದೆಯ ಹೆಸರು ಸರಕಾರದ ಕಡತದಲ್ಲಿರಲಿ. ನಮ್ಮ ನಾಲಿಗೆಯ ಮೇಲೇಕೆ? ಬೀಳ್ಕೊಡುಗೆಯ ದಿನ ಅವರು ನಮ್ಮನ್ನು ಹರಸಿ ಕಳಿಸುವರು. ನಾವು ಹೋಗುವುದು ನಿಶ್ಚಯ. ಬರುವ ವರ್ಷ ಅವರು ಇಲ್ಲಿರುವರೆಂಬ ನಿಶ್ಚಯ ಅವರಿಗಿಲ್ಲ. ಆದರೂ ಈ ವಾರ ಅವರು ಕೊನೆಯ ಅಧ್ಯಾಯವನ್ನು ಎರಡನೆಯ ಸಲ ಹೇಳುತ್ತಿದ್ದಾರೆ, ಹಿಂದಿನ ಬೆಂಚಿನವರಿಗೆ ತಿಳಿಯಲಿಲ್ಲವೆಂದು.