ಹೊಳೆ ಇಳಿದ ಹೊತ್ತು

ಶ್ರೀರಂಗಪಟ್ಟಣವನ್ನು ನೋಡಹೊರಡುವವರು ಸಾಮಾನ್ಯವಾಗಿ ಮಳೆಗಾಲ ಕಳೆಯಲೆಂದು ಕಾಯುತ್ತಾರೆ. ಕಾವೇರಿಯು ಎರಡು ಕವಲಾಗಿ ಒಡೆದು, ದ್ವೀಪವನ್ನು ತಬ್ಬಿ ಹರಿಯುವ ಆಗಿನ ಸೊಬಗೇ ಸೊಬಗು. ಆದರೆ ಊರಿನ ಕಥೆಯನ್ನು ಅರಿಯಬೇಕೆನ್ನುವವನು ವೈಶಾಖದ ಬಿಸಿಲಿನಲ್ಲಿಯೇ ಅಲ್ಲಿ ನಡೆದಾಡಬೇಕು.

ಬೆಳಗಿನ ತಂಪಿನಲ್ಲಿ ಶ್ರೀರಂಗನಾಥನ ದರ್ಶನ ಮುಗಿಸಿ ಕೋಟೆಯ ವಾಯವ್ಯದ ಕಡೆಗೆ ಹೊರಟರೆ, ಬಿರಿದ ಗೋಡೆಯ ಬಳಿ ಒಂದು ಸ್ಮಾರಕ ಸ್ತಂಭ ನಿಂತಿದೆ. ಅದರ ಕೆಳಗೆ ಹೊಳೆ. ಬಂಡೆಗಳೆಲ್ಲ ಬೆನ್ನು ತೋರಿ ಮಲಗಿವೆ. ನಡುನಡುವೆ ನೀರು ತೆಳುವಾಗಿ ಜಾರುತ್ತಿದೆ. ಆಷಾಢದಲ್ಲಿ ಆನೆಯನ್ನೂ ತಡೆಯಬಲ್ಲ ಹೊಳೆಯು ಈಗ ಹುಡುಗರಿಗೂ ದಾರಿ ಕೊಡುತ್ತದೆ.

ಈ ಕೋಟೆಗೆ ಕಲ್ಲಿನ ಗೋಡೆಗಿಂತ ದೊಡ್ಡ ಕಾವಲು ಕಾವೇರಿಯೇ ಆಗಿದ್ದಳು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಪಟ್ಟಣದ ಹತ್ತಿರಕ್ಕೆ ಬಂದೂ, ಮಳೆಗೆ ಸಿಕ್ಕಿ, ದನಕರು ಸತ್ತು, ದವಸ ತೀರಿ, ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದನು. 1799ರಲ್ಲಿ ಬಂದ ಜನರಲ್ ಹ್ಯಾರಿಸನು ಆ ಪಾಠವನ್ನು ಮರೆಯಲಿಲ್ಲ. ಹೊಳೆ ಏರುವ ಮುನ್ನವೇ ಕೋಟೆ ಬೀಳಬೇಕಿತ್ತು. ಮೇ 3ರಂದು ಗೋಡೆ ಬಿರಿಯಿತು. ಮರುದಿನ ನಡುಮಧ್ಯಾಹ್ನ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಸೈನಿಕರು ಈ ಬಂಡೆಗಳ ನಡುವೆಯೇ ಹೊಳೆ ದಾಟಿದರು. ಅವರ ಮುಂದಾಳು ಬೇರ್ಡನು 1784ರವರೆಗೆ ಇದೇ ಊರಿನಲ್ಲಿ ಸೆರೆಯಾಳಾಗಿದ್ದವನು.

ಗೋಡೆಯ ನೆರಳನ್ನು ಹಿಡಿದು ಪೂರ್ವಕ್ಕೆ ನಡೆದರೆ, ಟಿಪ್ಪು ಸುಲ್ತಾನನ ದೇಹ ದೊರೆತ ಸ್ಥಳ ಕಾಣುತ್ತದೆ. ಊಟಕ್ಕೆ ಕುಳಿತಿದ್ದ ದೊರೆ ಸುದ್ದಿ ಕೇಳಿ ಎದ್ದು ಬಂದು, ಸಾಮಾನ್ಯ ಸಿಪಾಯಿಯಂತೆ ಕಾದು ಮಡಿದನು. ಅಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ; ಇರುವುದು ಬರೆದು ನಿಲ್ಲಿಸಿದ ಒಂದು ಕಲ್ಲು ಮಾತ್ರ.

ಮೇ 5ರಂದು ಗುಂಬಜಿನಲ್ಲಿ, ತಂದೆ ತಾಯಿಯರ ಪಕ್ಕದಲ್ಲಿ ಅವನ ಸಮಾಧಿಯಾಯಿತು. ಅಂದು ಸಂಜೆಯೇ ಗುಡುಗು ಸಿಡಿಲುಗಳೊಡನೆ ಭಾರಿ ಮಳೆ ಸುರಿಯಿತು. ಒಂದು ಬಿರುಮಳೆಗೆ ಹೊಳೆ ತುಂಬಲಾರದು, ನಿಜ. ಆದರೂ ಮುಗಿಲು ಕಾದಿದ್ದು, ಆಳುವವನಿಲ್ಲದ ಮೇಲೆ ಬಂದಿತೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಈಗ ಮೇಲುಗಡೆ ಕನ್ನಂಬಾಡಿ ಕಟ್ಟೆಯಿದೆ. ಹೊಳೆಯ ಏರಿಳಿತವನ್ನು ಮಳೆಯೊಂದೇ ನಿರ್ಧರಿಸುವುದಿಲ್ಲ. ಕಾಯಬೇಕಾದ ಸಿಂಹಾಸನವೂ ಇಲ್ಲಿಲ್ಲ. ಸೇನೆ ದಾಟಿದ ನೀರಿನಲ್ಲಿ ಊರವರು ಮಿಂದು, ಬಟ್ಟೆ ಹಿಂಡಿಕೊಂಡು ಮನೆಗೆ ಮರಳುತ್ತಾರೆ.